ಬಿಸಲಿಗಿ ಬೈಯೂ ಮಂದಿ

ನಮ್ಮ ಕಲಬುರಗಿ ಮಂದಿಗಿ ಎರಡು ಕೆಲಸ ಭಾಳ ಛಲೋ ಬರ್ತಾವ. ಒಂದು, ಬಿಸಲಿಗಿ ಬೈಯೂದು. ಇನ್ನೊಂದು, ಕರೆಂಟ್ ಬಿಲ್ಲಿಗಿ ಬೈಯೂದು. ಸೋಲಾರ್ ಪ್ಯಾನೆಲ್ ಹಾಕ್ಸಿ ಎರಡಕ್ಕೂ ನಿಮ್ಮ ಮಾಳಗಿ ಮ್ಯಾಗೇ ಲಗ್ನಾ ಮಾಡಿಸ್ರಿ ಅಂದ್ರ ಮಾತ್ರ ಯಾಕ್ರೀ ಮಾರಿ ಆ ಕಡಿ ತಿರುಗಸ್ತೀರಿ?

ಮಾಳಗಿ ಮ್ಯಾಗ ಏನೇನದ, ನಾ ಹೇಳ್ಲೇನು? ನೀರಿನ ಟ್ಯಾಂಕು, ಕೆಟ್ಟ ಕೂಲರ್, ಕಾಲು ಮುರದ ಖುರ್ಚಿ, ಮಗ ಎಂಟನೇತ್ತ ಇದ್ದಾಗ ಹೊಡದ ಸೈಕಲ್. (ಮಗ ಈಗ ಬೆಂಗಳೂರಾಗ ಐಟಿ ಕಂಪನ್ಯಾಗಿದ್ದಾನ.) ಟ್ಯಾಂಕ್ ಬಿಟ್ಟು ಉಳದದ್ದು ಗುಜರಿಗಿ ಹಾಕ್ರಿ. ನೂರು ಚದರಡಿ ಸಿಕ್ರ ಒಂದು ಕಿಲೋವ್ಯಾಟ್ ಪ್ಯಾನೆಲ್ ಕೂಡ್ತಾವ, ದಿನಕ್ಕ ಸರಾಸರಿ 4 ಯೂನಿಟ್ ಕೊಡ್ತಾವ.

ರೊಕ್ಕ? 2024ರ ಫೆಬ್ರುವರಿದಾಗ ಬಂದ ಪಿಎಂ ಸೂರ್ಯಘರ್ ಯೋಜನಾದಾಗ 2 ಕಿಲೋವ್ಯಾಟಿಗಿ 60 ಸಾವಿರ, 3ಕ್ಕ 78 ಸಾವಿರ ಸಬ್ಸಿಡಿ. ಕಿವಿ ನೆಟ್ಟಗಾದ್ವಲ್ಲ? ‘ಇನ್ನೆರಡು ವರ್ಷ ತಡದ್ರ ಪುಕ್ಕಟನೂ ಕೊಟ್ಟಾರು’ ಅಂತ ಲೆಕ್ಕ ಹಾಕ್ಲತ್ತೀರಿ, ಖರೆ ಹೇಳ್ರಿ!

ಇಲ್ಲಾ, ಗೃಹಜ್ಯೋತಿ ಅದ, ಸೊನ್ನೆ ಬಿಲ್ ಬರ್ತದ ಅಂತೀರಿ. ಬರ್ಲಿ. ಆದ್ರ ತಿಂಗಳಿಗಿ 200 ಯೂನಿಟ್ ದಾಟ್ತೋ, ಪೂರಾ ಬಿಲ್ ಕೊರಳಿಗಿ ಬೀಳ್ತದ. ಮೇ ತಿಂಗಳಾಗ ಎಸಿ ಹಚ್ಚಿ, ಮೀಟರ್ ಮುಂದ ಬಗ್ಗಿ ಯೂನಿಟ್ ಎಣಸವ್ರು ಯಾರ್ರೀ? (ಹೆಸರು ಹೇಳಂಗಿಲ್ಲ, ಹೆದರಬ್ಯಾಡ್ರಿ.)

ಹಂಗಂತ ಸುಡೂ ಬಿಸಲಂದ್ರ ಪ್ಯಾನೆಲ್ಲಿಗಿ ಪ್ರೀತಿ ಅಂತ ತಿಳೀಬ್ಯಾಡ್ರಿ. ಅದಕ್ಕ ಬೇಕಾದದ್ದು ಬೆಳಕು, ಸೆಕಿ ಅಲ್ಲ. ಮೈ 25 ಡಿಗ್ರಿಕಿಂತ ಬಿಸಿ ಆದಂಗೆಲ್ಲ, ಊಟ ಆದಮ್ಯಾಗಿನ ನಿಮ್ಮಂಗೇ ಕೆಲಸ ಕಡಿಮಿ ಮಾಡ್ತದ.

ಹತ್ರ ಬರ್ರಿ, ಒಂದು ಗುಟ್ಟು. ‘ಓಣಿಗೆಲ್ಲ ಕತ್ತಲಿದ್ರೂ ನಮ್ಮನ್ಯಾಗ ಫ್ಯಾನ್ ತಿರುಗ್ತದ’ ಅಂತ ಮೀಸಿ ತಿರುವೂ ಆಸೆ ಅದಲ್ಲ, ಅದು ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರದಾಗ ನಡಿಯಂಗಿಲ್ಲ. ಲೈನಿನ ಕರೆಂಟ್ ಹೋದ ಕೂಡ್ಲೆ ಇದೂ ಬಂದ್. ಕಂಬ ಏರಿದ ಲೈನ್‌ಮನ್‌ಗ ನಿಮ್ಮ ಮಾಳಗಿ ಕರೆಂಟ್ ಹೊಡೀಬೇಕೇನು?

ಇಷ್ಟೆಲ್ಲ ಕೇಳಿನೂ ನೀವು ಹಾಕ್ಸಂಗಿಲ್ಲ, ನನಗ ಗೊತ್ತದ. ಬಾಜೂ ಮನ್ಯವ್ರು 3 ಕಿಲೋವ್ಯಾಟ್ ಹಾಕ್ಸಿದ ಮರುದಿನ ‘ನಮಗ 5 ಇರ್ಲಿ’ ಅಂತ ಫೋನ್ ಹಚ್ಚತೀರಿ. (78 ಸಾವಿರದ ಮ್ಯಾಗ ಸಬ್ಸಿಡಿ ಏರಂಗಿಲ್ಲ, ನೆನಪಿಡ್ರಿ.) ಪ್ಯಾನೆಲ್ ಮ್ಯಾಗಿನ ಧೂಳ ಒರಸೂದು ಯಾರು ಅನ್ನೂ ಜಗಳ ಮಾತ್ರ ಮೊದ್ಲೇ ಮುಗಿಸ್ಕೊರ್ರಿ. ಅದಕ್ಕ ಸಬ್ಸಿಡಿ ಇಲ್ಲ.