ಜಲಪೀಡಾ ಮೀಮಾಂಸೆ

ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು, ಅವುಗಳಲ್ಲಿ ಜಲಕ್ರೀಡೆಯೂ ಒಂದು ಎಂದು ಲಾಕ್ಷಣಿಕರ ಕಟ್ಟಪ್ಪಣೆ. ನಮ್ಮ ಚಂಪೂಕವಿಗಳು ಅದನ್ನು ಶಿರಸಾವಹಿಸಿ ರಾಜರಾಣಿಯರನ್ನು ಕೊಳಕ್ಕಿಳಿಸಿ ಪುಟಗಟ್ಟಲೆ ನೀರೆರಚಿಸಿದರು. ಮಾರನೆಯ ಬೆಳಗ್ಗೆ ಆ ರಾಜನಿಗೆ ಕೈಯೆತ್ತಿ ಕಿರೀಟ ಇಟ್ಟುಕೊಳ್ಳಲು ಸಾಧ್ಯವಾಯಿತೇ ಎಂಬ ಮೂಲಭೂತ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿಲ್ಲ. ಸಾಹಿತ್ಯಚರಿತ್ರೆಯ ಈ ಕಂದರವನ್ನು ಮುಚ್ಚುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ವ್ಯಾಖ್ಯೆ. ನಲವತ್ತು ದಾಟಿದವನು ಈಜು ಕಲಿಯಲು ನೀರಿಗಿಳಿದಾಗ ಕ್ರೀ-ಕಾರಕ್ಕೆ ಪೀ-ಕಾರ ಆದೇಶವಾಗಿ ಜಲಕ್ರೀಡೆಯು ಜಲಪೀಡೆಯಾಗುತ್ತದೆ. ಈ ಸಂಧಿಕಾರ್ಯವನ್ನು ವೈಯಾಕರಣ ಕೇಶಿರಾಜ ಹೇಳಿಲ್ಲ. ಬಹುಶಃ ಅವನು ಬಾಲ್ಯದಲ್ಲೇ ಬಾವಿಗೆ ಬಿದ್ದು ಈಜು ಕಲಿತವನಿರಬೇಕು. ಸೊಂಟಕ್ಕೆ ಸೋರೆಬುರುಡೆಯನ್ನೋ ಬೆನ್ನಿಗೆ ಬೆಂಡನ್ನೋ ಕಟ್ಟಿ, ಹಿಂದಿನಿಂದ ಮಾವ ನೂಕಿ, ಕಲಿತವರಿಗೆ ಈ ಶಾಸ್ತ್ರದ ಅಗತ್ಯವಿಲ್ಲ.

ಆಕರಗಳು: ಸಂಶೋಧಕನ ದೇಹ ಒಂದು, ವಯಸ್ಸು 46; ಇಪ್ಪತ್ತೈದು ಮೀಟರಿನ ಕೊಳ ಒಂದು; ಬೆಳಗಿನ ಆರು ಗಂಟೆಯ ಬ್ಯಾಚು. ತೌಲನಿಕ ಅಧ್ಯಯನಕ್ಕೆಂದು ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಸಂಗತಿಯನ್ನು ಎತ್ತಿಕೊಳ್ಳಲಾಗಿತ್ತು. ಸಂಶೋಧಕನ ಮನಃಶಾಂತಿಯ ದೃಷ್ಟಿಯಿಂದ ಕೈಬಿಡಲಾಗಿದೆ.

ಇನ್ನು ಪೂರ್ವಪಕ್ಷ. ನೋವಿಗೆ ಕಾರಣ ವಯಸ್ಸು ಎಂಬುದು ಸಂಶೋಧಕನ ಮನೆಯವರ ವಾದ. ಸಿದ್ಧಾಂತ ಬೇರೆ: ಕಾರಣ ಭಯ. ಹೊಸಬನು ಈಜುವಾಗ ಎದುರಿನ ಗೋಡೆ ಇನ್ನೂ ಅಲ್ಲೇ ಇದೆಯೇ ಎಂದು ನೋಡಲು ತಲೆಯೆತ್ತುತ್ತಾನೆ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ಕಾಲು ಜೋತುಬೀಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಓರೆಯಾಗಿ ನುಗ್ಗುವುದೆಂದರೆ ಬಾಗಿಲಲ್ಲಿ ಸಿಕ್ಕಿಕೊಂಡ ಮಂಚವನ್ನು ಎಳೆದಂತೆ. ಮಂಚದ ಭಾರವೆಲ್ಲ ಕತ್ತಿನ ಹಿಂಭಾಗಕ್ಕೆ. ಉಸಿರಿಗೆ ತಲೆಯೆತ್ತದೆ ಮೈಯ ಜತೆಗೇ ಪಕ್ಕಕ್ಕೆ ಹೊರಳಿಸಬೇಕು, ಕನ್ನಡಕದ ಒಂದು ಗಾಜು ನೀರಲ್ಲೇ ಇರಬೇಕು ಎನ್ನುತ್ತಾರೆ. ಹೇಳುವುದು ಸುಲಭ.

ನೀರೊಳಗಿನ ಪಾಡಿನ ಬಗ್ಗೆ ರನ್ನನ 'ಗದಾಯುದ್ಧ'ವನ್ನು ನೋಡಬಹುದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ನೀರಿನೊಳಗೂ ಬೆವರಿದ. ವಿಮರ್ಶಕರು ಇದನ್ನು ರೋಷವೆಂದರು. ಈಜುವವರು ನೀರಲ್ಲೂ ಬೆವರುತ್ತಾರೆಂಬುದು ಶರೀರಶಾಸ್ತ್ರದ ಮಾತು. ದುರ್ಯೋಧನನೋ ನೀರಿನೊಳಗೆ ನಿಲ್ಲುವ ಜಲಸ್ತಂಭ ವಿದ್ಯೆಯಿಂದ ನಿಂತಿದ್ದ. ನಮ್ಮ ಬ್ಯಾಚಿನ ಎಲ್ಲರಿಗೂ ಆ ವಿದ್ಯೆ ಬರುತ್ತದೆ, ಮುಂದೆ ಹೋಗುವ ವಿದ್ಯೆ ಮಾತ್ರ ಬಾರದು.

ಭುಜಕಾಂಡವೇ ಈ ಗ್ರಂಥದ ಹೃದಯ. ಭುಜದ ಕೀಲು ತಟ್ಟೆಯ ಮೇಲಿಟ್ಟ ನಿಂಬೆಹಣ್ಣು. ಅದು ಉರುಳದಂತೆ ಹಿಡಿದಿರುವುದು ನಾಲ್ಕು ಸಣ್ಣ ಸ್ನಾಯುಗಳು. ಕೈಯನ್ನು ಹೆಬ್ಬೆರಳು ಮುಂದಾಗಿ, ಮೂಗಿನ ನೇರವನ್ನೂ ದಾಟಿಸಿ ನೀರಿಗೆ ಚುಚ್ಚಿದರೆ ಅವುಗಳ ಸ್ನಾಯುರಜ್ಜು ಮೂಳೆಗಳ ನಡುವೆ ಹಿಂಡಿಹೋಗುತ್ತದೆ. 1974ರಲ್ಲಿ ಕೆನಡಿ ಮತ್ತು ಹಾಕಿನ್ಸ್ ಎಂಬ ವೈದ್ಯರು ಇದನ್ನು 'ಈಜುಗಾರನ ಭುಜ' ಎಂದು ಕರೆದರು. ದಿನವೂ ಮೈಲಿಗಟ್ಟಲೆ ಈಜುವವರ ಆ ಬಿರುದು ಸಂಶೋಧಕನಿಗೆ ಮೂರನೇ ವಾರಕ್ಕೇ ಸಂದಿತು. ಒಂದು ಗುರುವಾರ ಒದ್ದೆ ಬನಿಯನ್ ಕಳಚಲು ಹೋಗಿ ಎಡಗೈ ಮೇಲೆ, ಬಲಗೈ ಒಳಗೆ, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು, ಬಟ್ಟೆ ಬದಲಿಸುವ ಕೋಣೆಯಲ್ಲಿ ದಿಕ್ಕುತಪ್ಪಿ ನಿಂತದ್ದಾಯಿತು. ಬಿಡಿಸಿದವನು ಏಳು ವರ್ಷದ ಹುಡುಗ. "ಅಂಕಲ್, ನಿಮಗೆ ಇದೂ ಬರಲ್ವಾ?" ಎಂದ.

ಮೀನಖಂಡದ ಸೆಳೆತಕ್ಕೆ ದಡ ಹಿಡಿದು ಕಾಲ್ಬೆರಳುಗಳನ್ನು ತನ್ನತ್ತ ಎಳೆದುಕೊಳ್ಳುವುದೇ ಮದ್ದು. ಕಪ್ಪೆಯೀಜಿನಲ್ಲಿ ಮಂಡಿಯ ಒಳಮಗ್ಗುಲು ನೋಯುತ್ತದೆ. ಕಪ್ಪೆಗೆ ನೋಯುವುದಿಲ್ಲ, ಅದು ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತಿಲ್ಲ.

ಕಾಲಮಾನದ ವಿಚಾರದಲ್ಲಿ ಒಂದು ಎಚ್ಚರಿಕೆ. ಹೊಸ ದುಡಿಮೆಯ ಸ್ನಾಯುನೋವು ಅಂದೇ ಬರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಬಲಿಯುತ್ತದೆ. ಸೋಮವಾರದ ಶೌರ್ಯಕ್ಕೆ ಬುಧವಾರ ಬಿಲ್ಲು. ಎರಡೂ ಕಡೆ ಸಮನಾಗಿ ನೊಂದು ತಾನಾಗಿ ಇಳಿದರೆ ಅದು ಸಂಪಾದಿಸಿದ ನೋವು. ಒಂದೇ ಕೀಲಿನಲ್ಲಿ ಚುಚ್ಚಿ, ರಾತ್ರಿ ಮಗ್ಗುಲಾದಾಗ ಎಬ್ಬಿಸಿದರೆ ವೈದ್ಯರಲ್ಲಿಗೆ ಹೋಗಬೇಕು. ಇಲ್ಲಿ ಮಾತ್ರ ಸಂಶೋಧಕನು ತಮಾಷೆ ಮಾಡುತ್ತಿಲ್ಲ.

ಇಷ್ಟನ್ನೂ ನಲವತ್ತು ಪುಟ ಬರೆದು ಕೋಚಿಗೆ ತೋರಿಸಲಾಯಿತು. ಅವರು ಒದ್ದೆ ಬೆರಳಿನಿಂದ ಎರಡು ಹಾಳೆ ಮಗುಚಿ, "ಸಾರ್, ನೀರನ್ನ ಹೊಡೀಬೇಡಿ. ಮುಖ ಒಳಗಿಡಿ, ಬುಳುಬುಳು ಅಂತ ಉಸಿರು ಬಿಡಿ" ಎಂದು ಹಿಂದಿರುಗಿಸಿದರು. ಮರುದಿನ ಬುಳುಬುಳು ಬಿಟ್ಟಾಗ ಕತ್ತಿನ ನೋವು ಅರ್ಧ ಇಳಿಯಿತೆಂಬುದನ್ನು ಸಂಶೋಧಕನು ತೀವ್ರ ವಿಷಾದದಿಂದ ದಾಖಲಿಸುತ್ತಾನೆ.

ಭುಜ ಇನ್ನೂ ಹಾಗೇ ಇದೆ. ಓದುಗರಲ್ಲಿ ಯಾರಾದರೂ ಹತ್ತಿರದಲ್ಲಿದ್ದರೆ ದಯವಿಟ್ಟು ಬಂದು ಈ ಅಂಗಿಯ ಬಲತೋಳು ತೊಡಿಸಿ, ಆಫೀಸಿಗೆ ಹೊತ್ತಾಯಿತು.