ಬಾಯಾಗ ಮಹಾಪೂರ, ಕೈಯಾಗ ಬರ

ಭೀಮಾ ನದಿ ದಂಡೆಯ ದೇವಣಗಾಂವದ ಕಟ್ಟೆಯ ಮೇಲೆ ಅಭಿಪ್ರಾಯಕ್ಕೆ ಎಂದೂ ಬರ ಬಿದ್ದಿಲ್ಲ. ಭೀಮೆ ಬತ್ತಿ ಮರಳು ಕಂಡರೂ, ಸೇತುವೆಯತ್ತ ನೀರು ಏರಿ ಬಂದರೂ ಚಹಾ ಬರುವುದರೊಳಗೆ ತೀರ್ಪು ಬಂದಿರುತ್ತದೆ. ಬೇಸಿಗೆಯಲ್ಲಿ ‘ಮಹಾರಾಷ್ಟ್ರದವ್ರು ನೀರು ಬಿಡವಲ್ರು’. ಮಳೆಗಾಲದಲ್ಲಿ ‘ಮಹಾರಾಷ್ಟ್ರದವ್ರು ನೀರು ಬಿಟ್ಟಾರ’. ಎರಡರಲ್ಲೂ ಹುರುಳಿದೆ, ಮಹಾರಾಷ್ಟ್ರದಲ್ಲಿರುವ ಉಜನಿ ಜಲಾಶಯದ ಬಾಗಿಲು ನಮ್ಮ ಕೈಯಲ್ಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಬಂದ ಮಹಾಪೂರದಲ್ಲಿ ಬೆಳೆದ ಹೊಲವೇ ಮುಳುಗಿ ಹೋದವರಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಆದರೆ ಮುಳುಗುವ ಕೆಲಸ ರೈತರದು, ಅಭಿಪ್ರಾಯ ಹೇಳುವ ಕೆಲಸ ಮುಖಂಡರದು ಎಂದು ಯಾವಾಗಲೋ ಹಂಚಿಕೆಯಾಗಿದೆ.

ಅಂಥ ಒಬ್ಬ ಮುಖಂಡರ ಕೈಗೆ ಪೆನ್ನು ಕೊಟ್ಟು, ‘ಈಗ ಹೇಳಿದ್ದನ್ನ ಒಂದು ಹಾಳ್ಯಾಗ ಬರದು ಕೊಡ್ರೀ ಕಾಕಾ’ ಅನ್ನಿ.

‘ಬರಿಯಾಕ ಏನೈತೋ ತಮ್ಮಾ, ಎಲ್ಲಾರಿಗೂ ಗೊತ್ತಿದ್ದದ್ದ ಐತಲ್ಲ!’

ಒತ್ತಾಯಿಸಿದರೆ ಮೊದಲ ಸಾಲು ಜೋರಾಗಿ ಬರುತ್ತದೆ: ಬಚಾವತ್ ತೀರ್ಪಿನಂತೆ ನಮ್ಮ ಪಾಲಿನ 15 ಟಿಎಂಸಿ ನೀರು ಬಿಡಬೇಕು. ಎರಡನೇ ಸಾಲಿಗೆ ತೀರ್ಪನ್ನು ತೆರೆಯಬೇಕಾಗುತ್ತದೆ. ಕೃಷ್ಣಾ ಕೊಳ್ಳದ ನೀರು ಹಂಚಿದ, 1976ರಲ್ಲಿ ಗೆಜೆಟ್ ಸೇರಿದ ಬಚಾವತ್ ನ್ಯಾಯಮಂಡಳಿಯ ಆ ತೀರ್ಪು, ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ ವರ್ಷಕ್ಕೆ 15 ಟಿಎಂಸಿಗಿಂತ ಹೆಚ್ಚು ಬಳಸಬಾರದು ಎನ್ನುತ್ತದೆ. ಮಹಾರಾಷ್ಟ್ರಕ್ಕೂ ಒಂದು ಮಿತಿ ಹಾಕಿದೆ. ‘ಇಷ್ಟೇ ಬಳಸಿ’ ಎನ್ನುವುದಕ್ಕೂ ‘ಇಷ್ಟು ಬಿಡಿ’ ಎನ್ನುವುದಕ್ಕೂ ನಡುವೆ ನಾಲ್ಕು ತಲೆಮಾರಿನ ವಕೀಲರು ಸಂಸಾರ ಮಾಡುವಷ್ಟು ಜಾಗವಿದೆ. ಹಾಗಾದರೆ ಮೇಲಿನವರು ತಮ್ಮ ಮಿತಿ ಮೀರಿದ್ದಾರೆಯೇ? ಅಳೆಯುವವರು ಯಾರು? ಅಳತೆಯ ಪುಸ್ತಕವನ್ನು ನಮ್ಮವರು ಕೇಳಿ ನೋಡಿದ್ದಾರೆಯೇ? ಇಷ್ಟು ವರ್ಷ ಕಟ್ಟೆಯ ಮೇಲೆ ಹುಟ್ಟದ ಪ್ರಶ್ನೆಗಳು ಎರಡನೇ ಸಾಲಿನಲ್ಲಿ ಹುಟ್ಟಿದವು. ಮೂರನೇ ಸಾಲಿನಲ್ಲಿ ಇನ್ನೊಂದು: ಭೀಮೆಗೆ ನಮ್ಮಲ್ಲೇ ಕಟ್ಟಿದ ಸೊನ್ನ ಬ್ಯಾರೇಜಿನ ಗೇಟು ಎತ್ತುವವರು ಯಾವ ರಾಜ್ಯದವರು? ಅಲ್ಲಿಗೆ ಕಾಕಾ ಪೆನ್ನಿನ ಟೊಪ್ಪಿಗೆ ಹಾಕುತ್ತಾರೆ. ಹೀಗೇ ಬರೆಯುತ್ತ ಹೋದರೆ ತಮ್ಮ ಪಕ್ಷದವರ ಹೆಸರೂ ಬಂದೀತೆಂಬ ಭಯ. ಬರವಣಿಗೆಗೆ ಈ ಕೆಟ್ಟ ಚಾಳಿ ಇದೆ, ಬರೆಯುವವನ ಪಕ್ಷವನ್ನು ಕೇಳುವುದಿಲ್ಲ.

ಇದೇ ಸೀಮೆಯ ಹಲಸಂಗಿಯಲ್ಲಿ ಕವಿ ಮಧುರಚೆನ್ನರು (1903–1953) ತಮ್ಮ ಒಳಗಿನ ತೊಳಲಾಟವನ್ನೆಲ್ಲ ಹಾಳೆಗೆ ಇಳಿಸಿದರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಕೃತಿಗಳ ಹೆಸರುಗಳೇ ಹೇಳುತ್ತವೆ, ಒಂದು ನಿಲುವಿಗೆ ಬರಲು ಅವರಿಗೆ ಎಷ್ಟು ಪುಟ ಬೇಕಾಯಿತೆಂದು. ನಮ್ಮ ಮುಖಂಡರಿಗೆ ಆ ಕಷ್ಟವಿಲ್ಲ, ಅವರು ನೇರ ಬೆಳಗಿನಲ್ಲೇ ಹುಟ್ಟಿದವರು. ‘ಈ ವಿಷಯ ನನಗಿನ್ನೂ ತಿಳಿದಿಲ್ಲ’ ಎಂದು ಬರೆದವನಿಗೆ ತಾಲೂಕು ಪಂಚಾಯಿತಿ ಟಿಕೆಟನ್ನೂ ಯಾರೂ ಕೊಡುವುದಿಲ್ಲ.

ಹಾಗೆಂದು ಬರವಣಿಗೆ ನಿಂತಿಲ್ಲ. ಠರಾವು ಬುಕ್ಕಿನಲ್ಲಿ ಚರ್ಚೆಗೆ ಮೊದಲೇ ‘ಸರ್ವಾನುಮತದಿಂದ’ ಎಂದು ಬರೆದಾಗಿರುತ್ತದೆ. ಮನವಿಯ ಜವಾಬ್ದಾರಿ ಟೈಪಿಂಗ್ ಅಂಗಡಿಯ ಹುಡುಗನದು. ಅವನು ಹಳೆಯ ಫೈಲು ತೆರೆದು ‘ನೀರು ಬಿಡಬೇಕು’ ಅಳಿಸಿ ‘ಪರಿಹಾರ ಕೊಡಬೇಕು’ ಹಾಕುತ್ತಾನೆ. ನೆನಪಾದರೆ ತಾರೀಖನ್ನೂ ಬದಲಿಸುತ್ತಾನೆ. ಸಹಿ ಮಾಡುವವರು ಓದುವುದಿಲ್ಲ, ಇಸಿದುಕೊಳ್ಳುವ ಸಾಹೇಬರೂ ಓದುವುದಿಲ್ಲ. ಇಬ್ಬರೂ ಹಾಳೆಯ ಒಂದೊಂದು ತುದಿ ಹಿಡಿದು ಫೋಟೊಗೆ ನಗುತ್ತಾರೆ.

ಈಚೆಗೆ ಮೊಬೈಲಿಗೆ ಬಾಯಿಮಾತಿನಲ್ಲಿ ಹೇಳಿದರೆ ಅದೇ ಮನವಿ ಬರೆದುಕೊಡುತ್ತದೆ ಎಂದು ಕಾಕಾ ಖುಷಿಯಾಗಿದ್ದಾರೆ. ಟೈಪಿಂಗ್ ಹುಡುಗನ ಗಿರಾಕಿ ಹೋಯಿತು. ಒತ್ತಕ್ಷರ ತಿದ್ದುವ ನೆಪದಲ್ಲಿ ಮನವಿಯನ್ನು ಪೂರ್ತಿ ಓದುತ್ತಿದ್ದವನು ಇಡೀ ತಾಲೂಕಿನಲ್ಲಿ ಅವನೊಬ್ಬನೇ.