ಬಸ್ಸಿಗೆ ರೊಕ್ಕ ಇಲ್ಲೇನು?

ನಮ್ಮ ಅಕ್ಕನ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ವಿಜಯಪುರದ ಮನೆಯಲ್ಲಿ ಕೂತಿದ್ದಾನೆ. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿದೆ. ಆಫರ್ ಲೆಟರೂ ಬಂದಿದೆ. ಸೇರುವ ತಾರೀಖು ಮಾತ್ರ ಬಂದಿಲ್ಲ. ನಿಶ್ಚಯವಾಗಿ ಮುಹೂರ್ತ ಸಿಗದ ವರನ ಹಾಗೆ ಓಡಾಡಿಕೊಂಡಿದ್ದವನು ಒಂದು ದಿನ ಊಟಕ್ಕೆ ಕೂತಾಗ, "ನಾ ನಡ್ಕೋತ ಹೋಗಾಂವ ಇದ್ದೀನಿ" ಅಂದ.

"ಎಲ್ಲಿಗೆ?" ಅಂದಳು ಅಕ್ಕ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ದೂರ."

ಭಾವನವರು ತಾಟಿನಿಂದ ತಲೆ ಎತ್ತಿದರು. "ಯಾಕೋ, ಬಸ್ಸಿಗೆ ರೊಕ್ಕ ಇಲ್ಲೇನು? ನಾ ಕೊಡ್ತೀನಿ."

ಅವನ ತಲೆಯಲ್ಲಿದ್ದದ್ದು ಅಮೆರಿಕದ ಅಪಲೇಚಿಯನ್ ಟ್ರೇಲ್. ಜಾರ್ಜಿಯಾದಿಂದ ಮೇನ್‌ವರೆಗೆ, ಬೆಟ್ಟದಿಂದ ಬೆಟ್ಟಕ್ಕೆ, ಸುಮಾರು 3,500 ಕಿ.ಮೀ. ಅಲ್ಲಿ ಕಾಲೇಜು ಮುಗಿಸಿದ ಎಷ್ಟೋ ಹುಡುಗರು ಕೆಲಸಕ್ಕೆ ಸೇರುವ ಮುಂಚೆ ಐದಾರು ತಿಂಗಳು ಇದಕ್ಕೇ ಎತ್ತಿಡುತ್ತಾರೆ. ಹುಡುಗರ ಮಾತು ಬಿಡಿ, 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಸುಮ್ಮನೆ ಅಡ್ಡಾಡಿ ಬರುತ್ತೇನೆಂದು ಮಕ್ಕಳಿಗೆ ಹೇಳಿ, ತಾನೇ ಹೊಲಿದ ಚೀಲ ಹೆಗಲಿಗೇರಿಸಿ ಒಬ್ಬಳೇ ಅಷ್ಟನ್ನೂ ನಡೆದು ಮುಗಿಸಿದ್ದಳು. ಅಳಿಯ ಇದನ್ನು ಕಣ್ಣರಳಿಸಿ ಹೇಳಿದರೂ ಅಕ್ಕನ ಮುಖದಲ್ಲಿ ಬೆರಗು ಮೂಡಲಿಲ್ಲ. "ನಮ್ಮತ್ತಿನೂ ಶ್ರೀಶೈಲಕ್ಕ ಹಂಗ ಹೋಗ್ತಿದ್ರು. ಅವರ ಕಾಲಾಗ ಚಪ್ಪಲಿನೂ ಇರ್ತಿದ್ದಿಲ್ಲ."

ಆ ಒಂದು ಮಾತಿಗೆ ಅಮೆರಿಕ ಹೋಗಿ ಶ್ರೀಶೈಲ ಬಂತು. (ವೀಸಾ, ವಿಮಾನದ ಲೆಕ್ಕವೂ ಅಷ್ಟಿಷ್ಟು ಕೈ ಹಚ್ಚಿತ್ತು ಅನ್ನಿ.)

ನಮ್ಮ ಕಡೆಯವರಿಗೆ ಇದೇನು ಹೊಸ ಹಾದಿಯಲ್ಲ. ಯುಗಾದಿ ಹತ್ತಿರವಾದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಊರೂರೇ ರಸ್ತೆಗೆ ಬೀಳುತ್ತದೆ. ನಮ್ಮೂರಿನಿಂದ ಹೆಚ್ಚುಕಡಿಮೆ 400 ಕಿ.ಮೀ. ರಾಯಚೂರು ದಾಟಿ, ಆತ್ಮಕೂರಿನ ಆಚೆ ನಲ್ಲಮಲ ಕಾಡು ಹೊಕ್ಕು, ಭೀಮನಕೊಳ್ಳ ಇಳಿದು ಹತ್ತಿದರೆ ಕೈಲಾಸದ್ವಾರ. ಹುಲಿ ಇರುವ ಕಾಡು, ಮಾರ್ಚ್ ತಿಂಗಳ ಬಿಸಿಲು. ಮಲ್ಲಯ್ಯ ನಮಗೆ ಬರೀ ಜ್ಯೋತಿರ್ಲಿಂಗವಲ್ಲ, ಮನೆಯ ಅಳಿಯ. ಭ್ರಮರಾಂಬೆ ನಮ್ಮ ಕಡೆಯ ಮಗಳು. ಹಾಗಾಗಿ ತವರಿನವರು ಸೀರೆ, ಅರಿಷಿಣ-ಕುಂಕುಮ ಹೊತ್ತುಕೊಂಡೇ ಹೋಗಬೇಕು.

ಅಳಿಯನ ತಕರಾರು ಒಂದೇ. ಅವನಿಗೆ ಒಬ್ಬನೇ ನಡೆಯಬೇಕು, ಯಾರೂ ಮಾತಾಡಿಸಬಾರದು, ಮುಂದೇನು ಎಂದು ಯೋಚಿಸಬೇಕು. ಈ ಹಾದಿಯಲ್ಲಿ ಅದಕ್ಕೆ ಪುರಸೊತ್ತೆಲ್ಲಿ? ಹೆಗಲ ಮೇಲೆ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಟ್ರ್ಯಾಕ್ಟರ್ ಮೇಲಿನ ಭಜನೆ, ಹೆಜ್ಜೆಗೊಂದು ದಾಸೋಹ. ಬೇಡವೆಂದರೂ ಕೈಗೆ ಮಜ್ಜಿಗೆ ಬರುತ್ತದೆ. ಒಂದು ನಿಮಿಷ ಕೂತರೆ ಗುರುತಿಲ್ಲದ ಯಾರೋ ಕಾಲನ್ನು ಎಳೆದುಕೊಂಡು ತಮ್ಮ ತೊಡೆಯ ಮೇಲಿಟ್ಟು, ಗುಳ್ಳೆಗೆ ಔಷಧಿ ಹಚ್ಚಿ, ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತ, "ಯಾ ಊರು? ಯಾರ ಪೈಕಿ? ಲಗ್ನ ಆಗೇದೇನು?" ಅಂತ ಶುರುಮಾಡುತ್ತಾರೆ. ಒಂಟಿಯಾಗಿಯೇ ಹೋಗಬೇಕಿದ್ದರೆ ಹನ್ನೆರಡನೇ ಶತಮಾನದಲ್ಲಿ ಹೋಗಬೇಕಿತ್ತು. ಉಡುತಡಿಯಿಂದ ಹೊರಟು ಕಲ್ಯಾಣ ಹಾದು ಶ್ರೀಶೈಲದ ಕದಳಿ ಸೇರಿದ ಅಕ್ಕಮಹಾದೇವಿ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ.

ನಮ್ಮ ಹುಡುಗನಿಗೆ ಅಪ್ಪಣೆ ಕೊಡಲು ಓಣಿಯೇ ಮುಂದೆ ಬಂದಿದೆ. ಎದುರುಮನೆ ಕಾಕಾ ಬೂಟು ಬೇಡ, ಹಳೇ ಚಪ್ಪಲಿಯೇ ಸೈ ಎನ್ನುತ್ತಾರೆ. ಅವರ ತಮ್ಮ, ಬರಿಗಾಲೇ ಸೈ ಎನ್ನುತ್ತಾನೆ. ಅವನು ಹೋದದ್ದು ಜೀಪಿನಲ್ಲಿ. ಅಳಿಯ ಯಾರಿಗೂ ಎದುರಾಡದೆ ಬೆಳಿಗ್ಗೆ ಐದಕ್ಕೆ ಎದ್ದು ಚೀಲ ಹೊತ್ತು ಗೋಳಗುಮ್ಮಟದ ಕಡೆ ತಾಲೀಮಿಗೆ ಹೊರಡುತ್ತಾನೆ. ಚೀಲದಲ್ಲಿ ಭಾರಕ್ಕೆಂದು ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್ ಪುಸ್ತಕಗಳು. ಫೀ ಕಟ್ಟಿದ್ದಕ್ಕೆ ಅವು ಈಗಲಾದರೂ ಬೆನ್ನಿಗೆ ಹತ್ತಿದವಲ್ಲ ಎಂದು ಭಾವನವರಿಗೆ ಸಮಾಧಾನ.

ಇನ್ನು ಯುಗಾದಿ ಬರುವುದಷ್ಟೇ ಬಾಕಿ. ಅಷ್ಟರೊಳಗೆ ಕಂಪನಿಯವರು ಕರೆದುಬಿಟ್ಟರೆ ಎಂದು ಕೇಳಿದೆ. "ಅವರು ಇಷ್ಟು ದಿನ ಕಾಯಿಸ್ಯಾರ, ಇನ್ನ ಹದಿನೈದು ದಿನ ಅವರೇ ಕಾಯಲಿ ಮಾಮಾ" ಅಂದ. ಕೆಲಸಕ್ಕೆ ಸೇರುವ ಮೊದಲೇ ರಜೆ ಹಾಕಿದ ಈ ಧೈರ್ಯ ನನಗಂತೂ ಹಿಡಿಸಿತು.

ಟೆಂಟು ಕೊಂಡಿದ್ದ. ಅದನ್ನು ಅಕ್ಕ ಚೀಲದಿಂದ ತೆಗೆದು ಅಟ್ಟಕ್ಕೇರಿಸಿದ್ದಾಳೆ. ಓಣಿಯವರು ಭ್ರಮರಾಂಬೆಗೆಂದು ಕೊಟ್ಟ ಇಳಕಲ್ ಸೀರೆಗಳಿಗೆ ಜಾಗ ಸಾಲುತ್ತಿಲ್ಲ.